ಬಸ್ಸಿಗೊಬ್ಬ ಕಂಡಕ್ಟರ್ ಇದ್ದಂತೆ ಪ್ರತಿ ಜಾಗಕ್ಕೂ ಒಬ್ಬರು ಬೇಕು: ಕಾರವಾರ ನಗರಸಭೆಗೆ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು, ಸರ್ವ ಸದಸ್ಯರು ಹಾಗೂ ಪೌರಾಯುಕ್ತರು,
ನಗರಸಭೆ, ಕಾರವಾರ.

ವಿಷಯ: ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನಕ್ಕೆ ಮಿತಿ ಹಾಕುವ ಪ್ರಸ್ತಾವದ ಕುರಿತು.

ಮಾನ್ಯರೇ,

ಕಡಲತೀರ, ಮೀನು ಮಾರುಕಟ್ಟೆ, ಬಸ್ ನಿಲ್ದಾಣ ಮತ್ತು ಭಾನುವಾರದ ಸಂತೆ ಕೂಡುವ ಬೀದಿಗಳಲ್ಲಿ ಬೀಡಿ, ಸಿಗರೇಟು ಸೇದುವುದಕ್ಕೆ ಮಿತಿ ಹಾಕಬೇಕೇ, ಹಾಕುವುದಾದರೆ ಎಲ್ಲೆಲ್ಲಿ, ಎಷ್ಟರ ಮಟ್ಟಿಗೆ ಎಂಬ ವಿಷಯ ತಮ್ಮ ಸಭೆಯ ಮುಂದೆ ಚರ್ಚೆಗೆ ಬಂದಿರುವುದನ್ನು ತಿಳಿದು ಈ ಪತ್ರ ಬರೆಯುತ್ತಿದ್ದೇನೆ. ನಾನು 32 ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿ ದುಡಿದು ನಿವೃತ್ತನಾದವನು. ಆ ಸೇವೆಯ ಹೆಚ್ಚಿನ ಭಾಗ ಕಳೆದದ್ದು ಅಂಕೋಲಾ, ಅರಬೈಲ್ ಘಟ್ಟ, ಯಲ್ಲಾಪುರದ ಮೇಲೆ ಹುಬ್ಬಳ್ಳಿಗೆ ಹೋಗಿಬರುವ ಮಾರ್ಗದಲ್ಲಿ. ಐವತ್ತು ಜನ ಒತ್ತಿ ಕುಳಿತ ಒಂದು ಡಬ್ಬಿಯೊಳಗೆ ಹೊಗೆ ಹೇಗಿರುತ್ತಿತ್ತು ಮತ್ತು ಅದು ಹೇಗೆ ಇಲ್ಲವಾಯಿತು ಎನ್ನುವುದನ್ನು ದಿನವೂ ಕಂಡಿದ್ದರಿಂದ, ಈ ಚರ್ಚೆಯಲ್ಲಿ ನನ್ನದೂ ಒಂದು ಮಾತಿದೆ ಎಂದು ಭಾವಿಸಿದ್ದೇನೆ.

ಇದು ನಗರಸಭೆ ಹೊಸದಾಗಿ ಹೇರಹೊರಟಿರುವ ನಿರ್ಬಂಧ ಎಂದು ಊರಿನಲ್ಲಿ ಕೆಲವರು ತಿಳಿದಿರುವುದರಿಂದ ಮೊದಲು ಆ ತಪ್ಪು ತಿಳಿವಳಿಕೆ ಹೋಗಬೇಕು. ಮುರಳಿ ದೇವೊರಾ ಅವರು ಸಲ್ಲಿಸಿದ್ದ ಅರ್ಜಿಯ ಮೇಲೆ 2001ರ ನವೆಂಬರ್ 2ರಂದು ಸುಪ್ರೀಂ ಕೋರ್ಟು ಆಸ್ಪತ್ರೆ, ಶಾಲೆ, ಗ್ರಂಥಾಲಯ, ನ್ಯಾಯಾಲಯ, ಸಾರ್ವಜನಿಕ ಕಚೇರಿ ಮತ್ತು ರೈಲು ಸೇರಿದಂತೆ ಸಾರ್ವಜನಿಕ ವಾಹನಗಳಲ್ಲಿ ಧೂಮಪಾನ ಕೂಡದೆಂದು ಆದೇಶಿಸಿತು. 2003ರಲ್ಲಿ, ಜನ ಕೋಟ್ಪಾ ಎಂದು ಕರೆಯುವ ತಂಬಾಕು ನಿಯಂತ್ರಣ ಕಾಯ್ದೆ ಬಂತು. ಅದರ ಅಡಿಯಲ್ಲಿ ರೂಪಿಸಿದ ನಿಯಮಗಳು 2008ರ ಗಾಂಧಿ ಜಯಂತಿಯಂದು ಜಾರಿಯಾದವು. ನಮ್ಮ ರಾಜ್ಯ ಆ ಕಾಯ್ದೆಗೆ ಮಾಡಿದ ತಿದ್ದುಪಡಿಗೆ 2025ರ ಮೇ ತಿಂಗಳಿನಲ್ಲಿ ರಾಷ್ಟ್ರಪತಿಗಳ ಅಂಕಿತ ಬಿದ್ದು, 200 ರೂಪಾಯಿ ಇದ್ದ ದಂಡ 1000 ರೂಪಾಯಿವರೆಗೆ ಏರಿದೆ, ತಂಬಾಕು ಕೊಳ್ಳುವ ವಯಸ್ಸು 18ರಿಂದ 21ಕ್ಕೆ ಹೋಗಿದೆ. ಹೀಗಿರುವಾಗ ತಮ್ಮ ಮುಂದೆ ಉಳಿದಿರುವುದು ಇರುವ ಕಾನೂನನ್ನು ಈ ಊರಿನ ಬೀದಿಗೆ, ಮಾರುಕಟ್ಟೆಗೆ, ಮರಳಿಗೆ ಹೇಗೆ ಇಳಿಸುವುದು ಎಂಬ ಪ್ರಶ್ನೆ ಮಾತ್ರ.

ನಾನು ಕೆಲಸಕ್ಕೆ ಸೇರಿದ್ದು 1985ರಲ್ಲಿ. ಆಗಲೂ ಚಾಲಕನ ಬೆನ್ನ ಹಿಂದಿನ ತಗಡಿನ ಮೇಲೆ ‘ಧೂಮಪಾನ ನಿಷೇಧಿಸಲಾಗಿದೆ’ ಎಂದು ಕೆಂಪು ಬಣ್ಣದಲ್ಲಿ ಬರೆದಿರುತ್ತಿತ್ತು, ಜನ ಅದರ ಕೆಳಗೇ ಕುಳಿತು ಬೀಡಿ ಹಚ್ಚುತ್ತಿದ್ದರು. ಬೇಸಿಗೆಯಲ್ಲಿ ಹೇಗೋ ನಡೆಯುತ್ತಿತ್ತು. ಮಳೆಗಾಲದಲ್ಲಿ ಕಿಟಕಿಗಳ ತಾಡಪತ್ರಿ ಇಳಿಸಿ ಹುರಿ ಬಿಗಿದ ಮೇಲೆ ಒದ್ದೆ ಕೊಡೆ, ಒದ್ದೆ ಕಂಬಳಿ, ಡೀಸೆಲ್ಲಿನ ನಾತ ಮತ್ತು ಬೀಡಿಯ ಹೊಗೆ ಎಲ್ಲ ಒಂದಾಗಿ, ಘಟ್ಟ ಹತ್ತುವಷ್ಟರಲ್ಲಿ ಹಿಂದಿನ ಸೀಟಿನವರ ಮುಖ ಮುಂದಿನವರಿಗೆ ಮಸುಕಾಗಿ ಕಾಣುತ್ತಿತ್ತು. ಮಕ್ಕಳು ವಾಂತಿ ಮಾಡಿಕೊಂಡರೆ ಘಟ್ಟದ ತಿರುವಿನ ಮೇಲೆ ತಪ್ಪು ಹೊರಿಸುತ್ತಿದ್ದೆವು. ನಾನೂ ಆಗ ಸೇದುತ್ತಿದ್ದೆ. ಟಿಕೆಟ್ ಹರಿದು ಮುಗಿದ ಮೇಲೆ ಫುಟ್‌ಬೋರ್ಡಿನ ಹತ್ತಿರ ನಿಂತು ಒಂದು ಬೀಡಿ ಮುಗಿಸುವುದು ನನ್ನ ಹಕ್ಕೆಂದೇ ತಿಳಿದಿದ್ದೆ.

1991ರ ಮಳೆಗಾಲದ ಒಂದು ದಿನ ಉಬ್ಬಸದ ಮುದುಕಿಯೊಬ್ಬರನ್ನು ಮಗಳು ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದಳು. ಆ ತಾಯಿಗೆ ಉಸಿರು ಸಿಗಲೆಂದು ಮಗಳು ತಾಡಪತ್ರಿಯ ಒಂದು ಮೂಲೆಯನ್ನು ಎತ್ತಿ ಹಿಡಿದಿದ್ದಳು. ಅಲ್ಲಿಂದ ಎರಚಲು ಹೊಡೆದು ಇಬ್ಬರ ಸೀರೆಯೂ ಹೆಗಲಿನವರೆಗೆ ತೊಯ್ದಿತ್ತು. ಅವರ ಮುಂದಿನ ಸೀಟಿನಲ್ಲಿದ್ದವರು ಮುಗಿದ ಬೀಡಿಯ ಕಿಡಿಯಿಂದಲೇ ಇನ್ನೊಂದನ್ನು ಹೊತ್ತಿಸಿಕೊಳ್ಳುವುದನ್ನು ಕಂಡು, ಆರಿಸಿ ಎಂದು ನಾನು ಕೇಳಿದೆ. ‘ಬಸ್ಸು ಸರ್ಕಾರದ್ದು, ಬೀಡಿ ನನ್ನದು’ ಎಂದರು. ಅಂಕೋಲೆ ದಾಟುವಾಗ ನಾನೇ ಸೇದಿದ್ದನ್ನು ಅವರು ಕಂಡಿದ್ದರಿಂದ ನನ್ನ ಬಾಯಿ ಕಟ್ಟಿತು. ಆಗ ನಮ್ಮ ಡ್ರೈವರ್ ಅಗಲವಾದ ತಿರುವೊಂದರಲ್ಲಿ ಗಾಡಿಯನ್ನು ಬದಿಗೆ ಹಾಕಿ, ತಿರುಗಿಯೂ ನೋಡದೆ, ‘ಅಣ್ಣಾ, ಕೆಳಗಿಳ್ದು ಸೇದಿ ಬನ್ನಿ. ಗಾಡಿ ನಿಲ್ಸಿದ್ದೇನೆ, ಬಿಟ್ಟು ಹೋಗುದಿಲ್ಲ’ ಎಂದರು. ಇಡೀ ಬಸ್ಸು ಆ ಮನುಷ್ಯರ ಕಡೆ ನೋಡಿತು. ಅವರು ಬೀಡಿಯ ತುದಿಯನ್ನು ಎರಡು ಬೆರಳಿನಲ್ಲಿ ಹೊಸಕಿ ಆರಿಸಿ, ಉಳಿದ ತುಂಡನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು ಸುಮ್ಮನೆ ಕುಳಿತರು. ಗಾಡಿ ಹೊರಟಿತು.

ಆ ದಿನದಿಂದ ನಾವಿಬ್ಬರೂ ಅದನ್ನೇ ರೂಢಿ ಮಾಡಿಕೊಂಡೆವು. ನಿಲ್ದಾಣ ಬಿಡುವ ಮೊದಲು ಒಳಗೆ ಸೇದುವಂತಿಲ್ಲ, ತಡೆಯಲಾಗದವರು ಹೇಳಿದರೆ ಗಾಡಿ ನಿಲ್ಲಿಸುತ್ತೇವೆ ಎಂದು ನಾನು ಒಮ್ಮೆ ಹೇಳುತ್ತಿದ್ದೆ. ಬಸ್ಸಿನೊಳಗೆ ಸೇದುವುದನ್ನು ನಾನೂ ಅಂದೇ ಬಿಟ್ಟೆ. ಪೂರ್ತಿ ಬಿಡಲು ಇನ್ನೂ ನಾಲ್ಕು ವರ್ಷ ಹಿಡಿಯಿತು. ಗಾಡಿ ನಿಲ್ಲಿಸಿ ಎಂದು ಕೇಳಿದವರು ವರ್ಷಕ್ಕೆ ನಾಲ್ಕೈದು ಜನ ಇದ್ದಿರಬಹುದು, ಜಗಳಕ್ಕೆ ಬಂದವರು ಅದಕ್ಕಿಂತ ಕಡಿಮೆ. ಬೇರೆ ಬೇರೆ ಮಾರ್ಗಗಳಲ್ಲಿ ಬೇರೆ ಬೇರೆ ಕಂಡಕ್ಟರುಗಳು ತಮ್ಮದೇ ರೀತಿಯಲ್ಲಿ ಹೀಗೆ ಮಾಡಿದರು, ನ್ಯಾಯಾಲಯದ ಆದೇಶ ಮತ್ತು ಕಾಯ್ದೆ ಬಂದ ಮೇಲೆ ಎಲ್ಲರ ಕೈಗೂ ಬಲ ಬಂತು. ಇಂದು ಬಸ್ಸಿನೊಳಗೆ ಯಾರಾದರೂ ಸಿಗರೇಟು ಹಚ್ಚಿದರೆ ಕಾಲೇಜಿನ ಹುಡುಗಿಯೂ ಎದ್ದು ಕೇಳುತ್ತಾಳೆ. ತಗಡಿನ ಮೇಲಿನ ಬರಹ 1985ರಲ್ಲೂ ಇತ್ತು, ಇಂದೂ ಇದೆ. ನಡುವೆ ಆದದ್ದು ಇಷ್ಟೇ: ಈ ಜಾಗ ನನ್ನ ಹೊಣೆ ಎಂದು ಹೇಳುವ ಒಬ್ಬ ಮನುಷ್ಯ ಅಲ್ಲಿ ನಿಂತ.

ನಾನು ತಮ್ಮಲ್ಲಿ ಕೇಳುತ್ತಿರುವುದೂ ಅದನ್ನೇ. ನಿಷೇಧದ ಜಾಗಗಳ ಪಟ್ಟಿ ಎಷ್ಟು ಉದ್ದ ಮಾಡುತ್ತೀರಿ, ದಂಡ ಎಷ್ಟು ಹಾಕುತ್ತೀರಿ ಎಂಬುದಕ್ಕಿಂತ ಮೊದಲು, ಪಟ್ಟಿಯ ಪ್ರತಿ ಜಾಗದ ಎದುರಿಗೆ ಒಬ್ಬ ಜವಾಬ್ದಾರರ ಹೆಸರನ್ನು ಬರೆಯಿರಿ. ಇದು ನನ್ನ ಕಲ್ಪನೆಯೇನೂ ಅಲ್ಲ. 2008ರ ನಿಯಮಗಳಲ್ಲೇ, 60 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಎತ್ತರಕ್ಕೆ ಕಡಿಮೆಯಿಲ್ಲದ ಫಲಕವನ್ನು ಬಾಗಿಲಲ್ಲಿ ಹಾಕಬೇಕೆನ್ನುವುದರ ಜೊತೆಗೆ, ಯಾರಾದರೂ ಸೇದುವುದನ್ನು ಕಂಡರೆ ಯಾರಿಗೆ ದೂರಬೇಕೋ ಅವರ ಹೆಸರನ್ನು ಎದ್ದು ಕಾಣುವಂತೆ ಪ್ರಕಟಿಸಬೇಕು ಎಂದಿದೆ. ದೂರು ಬಂದ ಮೇಲೂ ಸುಮ್ಮನಿದ್ದರೆ ಅಲ್ಲಿ ನಡೆದ ತಪ್ಪುಗಳ ಸಂಖ್ಯೆಗೆ ಸಮನಾದ ದಂಡವನ್ನು ಆ ಜಾಗದ ಮಾಲೀಕರು ಅಥವಾ ವ್ಯವಸ್ಥಾಪಕರೇ ಕಟ್ಟಬೇಕೆಂದೂ ಇದೆ. ದಂಡ ವಿಧಿಸುವ ಅಧಿಕಾರ ಪೊಲೀಸರಿಗೆ ಮಾತ್ರ ಎಂದು ನಾವೆಲ್ಲ ತಿಳಿದಿದ್ದೇವೆ, ಆದರೆ ಶಾಲೆಯ ಹೆಡ್‌ಮಾಸ್ತರರು, ಗ್ರಂಥಪಾಲಕರು, ಪೋಸ್ಟ್ ಮಾಸ್ತರರು, ರೈಲು ನಿಲ್ದಾಣದ ಸ್ಟೇಷನ್ ಮಾಸ್ತರರು, ಆಸ್ಪತ್ರೆಯ ವೈದ್ಯಕೀಯ ಅಧೀಕ್ಷಕರು ಇವರೆಲ್ಲರಿಗೂ ಅವರವರ ಜಾಗದ ಮಟ್ಟಿಗೆ ನಿಯಮಗಳು ಆ ಅಧಿಕಾರ ಕೊಟ್ಟಿವೆ. ಫಲಕಗಳನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ, ಹೆಸರು ಬರೆಯಬೇಕಾದ ಗೆರೆ ಮಾತ್ರ ಬಹಳ ಕಡೆ ಖಾಲಿ ಇರುತ್ತದೆ. ಕಳೆದ ವರ್ಷ ಪಿಂಚಣಿಯ ಕಾಗದಕ್ಕಾಗಿ ಒಂದು ಕಚೇರಿಗೆ ಹೋಗಿದ್ದಾಗ ಮೆಟ್ಟಿಲ ಕೆಳಗೆ ಮೂವರು ಸೇದುತ್ತಾ ನಿಂತಿದ್ದರು, ಹೊಗೆ ನೇರ ಮೇಲಿನ ಸಾಲಿನಲ್ಲಿ ನಿಂತವರ ಮುಖಕ್ಕೆ ಏರುತ್ತಿತ್ತು. ಯಾರಿಗೆ ಹೇಳುವುದೆಂದು ಫಲಕ ನೋಡಿದರೆ ಆ ಗೆರೆಯ ಮೇಲೆ ಯಾರ ಹೆಸರೂ ಇರಲಿಲ್ಲ.

ಬಸ್ ನಿಲ್ದಾಣ ಸಾರಿಗೆಯವರದು, ಆಸ್ಪತ್ರೆ ಇನ್ನೊಂದು ಇಲಾಖೆಯದು, ಬಂದರು ಮತ್ತೊಂದರದು, ಕಡಲತೀರದಲ್ಲಿ ಜಿಲ್ಲಾಡಳಿತಕ್ಕೂ ಪಾತ್ರವಿದೆ, ಹೀಗಿರುವಾಗ ನಗರಸಭೆ ಏನು ಮಾಡೀತು ಎಂಬ ಮಾತು ಸಭೆಯಲ್ಲಿ ಬಂದೇ ಬರುತ್ತದೆ. ಜಾಗ ಯಾರದಾದರೂ ಇರಲಿ, ಅಲ್ಲಿನ ಮುಖ್ಯಸ್ಥರಿಗೆ ನಗರಸಭೆಯಿಂದ ಒಂದು ಪತ್ರ ಹೋಗಿ, ನಿಮ್ಮಲ್ಲಿ ಹೊಣೆ ಹೊತ್ತವರು ಯಾರೆಂದು ಇಂತಿಷ್ಟು ದಿನದೊಳಗೆ ತಿಳಿಸಿ ಎಂದು ಕೇಳಿ, ಬಂದ ಹೆಸರುಗಳನ್ನು ನಗರಸಭೆಯ ಸೂಚನಾ ಫಲಕದಲ್ಲಿ ಹಾಕಿದರೆ, ಯಾವ ಇಲಾಖೆಯ ಅಧಿಕಾರವನ್ನೂ ತಾವು ಕಸಿದುಕೊಂಡಂತೆ ಆಗುವುದಿಲ್ಲ.

ಮೀನು ಮಾರುಕಟ್ಟೆಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಊರಿನ ಚರ್ಚೆಯಲ್ಲಿ ಪ್ರವಾಸಿಗರ ಮಾತು ಬಂದಷ್ಟು ಅಲ್ಲಿ ಕೂರುವ ಹೆಂಗಸರ ಮಾತು ಬಂದಿಲ್ಲ. ಬೆಳಿಗ್ಗೆ ಬೈತಖೋಲ ಬಂದರಿನಿಂದ ಬಂಗಡೆ, ತಾರ್ಲೆ ತಂದು, ಬುಟ್ಟಿಯನ್ನು ಮುಂದಿಟ್ಟು ಕುಳಿತವರು ಮೀನು ಖಾಲಿಯಾಗುವವರೆಗೆ ಏಳುವ ಹಾಗಿಲ್ಲ. ಕೊಳ್ಳಲು ಬಂದವರು ನಿಂತಿರುತ್ತಾರೆ, ಮಾರುವವರು ನೆಲದ ಮಟ್ಟದಲ್ಲಿ ಕುಳಿತಿರುತ್ತಾರೆ. ನಿಂತವರ ಕೈ ಕೆಳಗೆ ಇಳಿದಾಗ ಬೆರಳ ನಡುವಿನ ಸಿಗರೇಟು ಕುಳಿತವರ ಮುಖದ ನೇರಕ್ಕೆ ಬರುತ್ತದೆ. ಬೂದಿ ಮೀನಿನ ಮೇಲೆ ಬೀಳದಂತೆ ಆಕೆ ಬುಟ್ಟಿಯ ಮೇಲೆ ಕೈ ಅಡ್ಡ ಹಿಡಿಯುವುದನ್ನು ಗಮನಿಸಿ ನೋಡಿ. ಗಿರಾಕಿ ಮುನಿಸಿಕೊಂಡು ಮುಂದಿನ ಬುಟ್ಟಿಗೆ ಹೋದಾನೆಂದು ಆಕೆ ಬಾಯಿ ತೆರೆಯುವುದಿಲ್ಲ. ಸೇದುವವನು ಐದು ನಿಮಿಷದಲ್ಲಿ ಅಲ್ಲಿಂದ ಹೊರಟುಬಿಡುತ್ತಾನೆ, ಆಕೆ ಹತ್ತು ಜನರ ಹೊಗೆಯನ್ನು ಒಂದೇ ಕಡೆ ಕುಳಿತು ಕುಡಿಯುತ್ತಾಳೆ. ತಂಬಾಕಿನ ಹೊಗೆಯಲ್ಲಿ 7000ಕ್ಕೂ ಹೆಚ್ಚು ರಾಸಾಯನಿಕಗಳಿವೆ, ಅವುಗಳಲ್ಲಿ ಕನಿಷ್ಠ 69 ಕ್ಯಾನ್ಸರಿಗೆ ಕಾರಣವಾಗಬಲ್ಲವು, ಬೇರೆಯವರ ಹೊಗೆಗೆ ಇಷ್ಟರವರೆಗೆ ಅಪಾಯವಿಲ್ಲ ಎಂಬ ಸುರಕ್ಷಿತ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತಾವು ಸೇದದೆ, ಇತರರ ಹೊಗೆಯಿಂದಲೇ ಜಗತ್ತಿನಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಾರೆ ಎಂದು ಅದರ ಅಂದಾಜಿದೆ. ನಿಲ್ದಾಣದ ಚಹಾದ ಹುಡುಗ, ಹಣ್ಣಿನ ಗಾಡಿಯವರು, ಸಂತೆಯಲ್ಲಿ ಸೊಪ್ಪು ಹರಡಿ ಕುಳಿತ ಹಾಲಕ್ಕಿ ಸಮುದಾಯದ ಹೆಂಗಸರು, ಇವರೆಲ್ಲರ ಪರಿಸ್ಥಿತಿ ಇದೇ. ಆದ್ದರಿಂದ ಮಿತಿ ಹಾಕುವುದನ್ನು ಎಲ್ಲಿಂದ ಶುರು ಮಾಡಬೇಕೆಂದು ನನ್ನನ್ನು ಕೇಳಿದರೆ, ಎದ್ದು ಹೋಗಲಾಗದವರು ಕುಳಿತಿರುವ ಜಾಗದಿಂದ ಎನ್ನುತ್ತೇನೆ.

ಕಡಲತೀರದ ವಿಷಯ ಬೇರೆ, ಅಲ್ಲಿ ವಾದವೂ ಬೇರೆ. ಅರಬ್ಬಿ ಸಮುದ್ರದ ಗಾಳಿಗೆ ಹೊಗೆ ಎಲ್ಲಿ ನಿಲ್ಲುತ್ತದೆ ಎಂದು ಕೇಳುವವರ ಮಾತಿನಲ್ಲಿ ಸತ್ಯವಿದೆ, ಅದನ್ನು ನಾನು ಒಪ್ಪುತ್ತೇನೆ. ಪಕ್ಕದಲ್ಲೇ ಕುಳಿತವರಿಗೆ ತಾಗುತ್ತದೆ, ನಾಲ್ಕು ಮಾರು ಆಚೆ ಇದ್ದವರಿಗೆ ಅಷ್ಟಾಗಿ ತಾಗುವುದಿಲ್ಲ. ಆದರೆ ಹೊಗೆ ಹೋದ ಮೇಲೆ ತುಂಡು ಅಲ್ಲೇ ಉಳಿಯುತ್ತದೆ. ಸಿಗರೇಟಿನ ತುದಿಯ ಫಿಲ್ಟರ್ ನೋಡಲು ಹತ್ತಿಯಂತಿದ್ದರೂ ಅದು ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಎಳೆ. ಮರಳಿನಲ್ಲಿ ಬೇಗ ಕರಗುವುದಿಲ್ಲ, ನೀರು ತಾಗಿದರೆ ಹೀರಿಟ್ಟುಕೊಂಡ ನಿಕೋಟಿನ್ ಬಿಟ್ಟುಕೊಡುತ್ತದೆ. ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಬೆಳಿಗ್ಗೆ ನಡೆಯಲು ಹೋಗುವ ನಾವು ಕೆಲವರು ಚಿಪ್ಪು ಆಯುವ ಮಕ್ಕಳ ಕೈಯಲ್ಲಿ ಈ ತುಂಡುಗಳನ್ನು ಕಂಡಿದ್ದೇವೆ. ಪೌರಕಾರ್ಮಿಕರು ಬಾಟಲಿ, ಚೀಲಗಳನ್ನು ಹೆಕ್ಕಬಹುದು, ಮರಳಿನಲ್ಲಿ ಹೂತ ಗೇಣಿನ ಕಾಲು ಭಾಗದಷ್ಟೂ ಇಲ್ಲದ ಈ ತುಂಡುಗಳನ್ನು ಯಾವ ಪೊರಕೆಯಿಂದಲೂ ಬಳಿಯಲಾಗದು. ಇನ್ನು ಗಾಳಿಮರದ ತೋಪಿನ ಕೆಳಗೆ ಬೇಸಿಗೆಯಲ್ಲಿ ದರ್ಭೆಯಂತೆ ಒಣಗಿ ಹಾಸಿಕೊಂಡ ತರಗು ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ ಎನ್ನುವುದನ್ನು ಈ ಊರಿನವರಿಗೆ ಹೇಳಬೇಕಾಗಿಲ್ಲ.

ಕಡಲತೀರದಲ್ಲಿ ಕಾನೂನಿನ ಒಂದು ತೊಡಕೂ ಇದೆ, ತಮ್ಮ ಸಭೆ ಬಿಡಿಸಬಹುದಾದ ತೊಡಕು ಅದು. 2003ರ ಕಾಯ್ದೆ ಸಾರ್ವಜನಿಕ ಸ್ಥಳದ ವ್ಯಾಖ್ಯೆಯಿಂದ ಬಯಲನ್ನು ಹೊರಗಿಟ್ಟಿದೆ. 2008ರ ನಿಯಮಗಳು, ತೆರೆದ ರಂಗಮಂದಿರ, ಕ್ರೀಡಾಂಗಣ, ರೈಲು ನಿಲ್ದಾಣ, ಬಸ್ ನಿಲ್ದಾಣ ಮತ್ತು ಜನ ಬರುವ ಇಂತಹ ಇತರ ಜಾಗಗಳನ್ನು ಬಯಲು ಎಂದು ಎಣಿಸುವಂತಿಲ್ಲ ಎಂದವು. ಆ ಪ್ರಕಾರ ಕರಾವಳಿ ಉತ್ಸವ ನಡೆಯುವ ಮಯೂರವರ್ಮ ವೇದಿಕೆಯ ಮುಂದೆ ಕುಳಿತು ಸೇದುವುದು ಅಪರಾಧವೆಂದು ಸ್ಪಷ್ಟವಾಗಿ ಹೇಳಬಹುದು. ಅಲ್ಲಿಂದ ಇಪ್ಪತ್ತು ಹೆಜ್ಜೆ ಆಚೆಗಿನ ಮರಳು ‘ಇಂತಹ ಇತರ ಜಾಗ’ದಲ್ಲಿ ಸೇರುತ್ತದೆಯೇ ಇಲ್ಲವೇ ಎಂಬುದನ್ನು ವಕೀಲರು ವಾದಿಸುತ್ತಾ ಕೂರಬಹುದು. ದಂಡ ಹಾಕಲು ಹೋದ ಸಿಬ್ಬಂದಿಯ ಎದುರು ಪ್ರವಾಸಿಯೊಬ್ಬ ಈ ಪ್ರಶ್ನೆ ಎತ್ತಿದರೆ ಆ ಬಡಪಾಯಿ ಏನು ಉತ್ತರ ಕೊಡಬೇಕು? ಆದ್ದರಿಂದ ಜಿಲ್ಲಾಡಳಿತದೊಂದಿಗೆ ಮಾತಾಡಿ, ಇಲ್ಲಿಂದ ಇಲ್ಲಿಯವರೆಗಿನ ಮರಳು, ತೋಪು, ಮಕ್ಕಳ ಆಟದ ಜಾಗ ಮತ್ತು ಯುದ್ಧನೌಕೆ ವಸ್ತುಸಂಗ್ರಹಾಲಯದ ಆವರಣ ಇವೆಲ್ಲ ಧೂಮಪಾನ ಇಲ್ಲದ ಪ್ರದೇಶವೆಂದು ಗಡಿಯನ್ನು ಹೆಸರಿಸಿ ಠರಾವು ಮಾಡಿ, ಉಪವಿಧಿಯ ರೂಪ ಕೊಟ್ಟು ಪ್ರಕಟಿಸಬೇಕೆಂದು ಕೋರುತ್ತೇನೆ. ಜೊತೆಗೇ ಹೆದ್ದಾರಿಯ ಬದಿಗೆ, ಜನಸಂದಣಿಯಿಂದ ದೂರವಾಗಿ ಎರಡು ಕಡೆ ಮರಳು ತುಂಬಿದ ಡಬ್ಬಿ ಇಟ್ಟು, ಸೇದುವವರು ಅಲ್ಲಿ ಸೇದಿ ತುಂಡನ್ನು ಅದರಲ್ಲಿ ಹಾಕಿ ಬರಲಿ. ಇದಕ್ಕೆ ನನ್ನ ಸ್ನೇಹಿತರಲ್ಲೇ ವಿರೋಧವಿದೆ, ಹಾಗೆ ಜಾಗ ಕೊಟ್ಟರೆ ಸೇದಲು ನಾವೇ ಕರೆದಂತೆ ಎನ್ನುತ್ತಾರೆ. ಅರಬೈಲಿನ ತಿರುವಿನಲ್ಲಿ ನಿಂತ ಬಸ್ಸನ್ನು ನೆನೆದು ನಾನು ಈ ಮಾತಿಗೆ ಅಂಟಿಕೊಂಡಿದ್ದೇನೆ.

ದಂಡದ ಬಗ್ಗೆ ಎರಡು ಮಾತು. ರಾತ್ರಿಯಿಡೀ ಬಲೆ ಎಳೆದು ಬೆಳಗಿನ ಜಾವ ದಡಕ್ಕೆ ಬಂದ ಕಲಾಸಿಗೆ 1000 ರೂಪಾಯಿ ಎಂದರೆ ಆ ದಿನದ ಗಳಿಕೆಯೇ ಹೋದಂತೆ. ಮೊದಲ ಸಲ ಆರಿಸಲು ಹೇಳಿ, ಜಾಗ ತೋರಿಸಿ. ಎರಡನೆಯ ಸಲಕ್ಕೆ ರಸೀದಿ ಹರಿಯಿರಿ. ಹರಿದ ರಸೀದಿಯ ಲೆಕ್ಕ ಮಾತ್ರ ಕಟ್ಟುನಿಟ್ಟಾಗಿರಬೇಕು. ನಾವು ದಿನದ ಕೊನೆಗೆ ಡಿಪೋದಲ್ಲಿ ವೇಬಿಲ್ ಒಪ್ಪಿಸುವಾಗ ಮೊದಲ ಟಿಕೆಟಿನ ನಂಬರು, ಕೊನೆಯ ಟಿಕೆಟಿನ ನಂಬರು, ಚೀಲದಲ್ಲಿದ್ದ ದುಡ್ಡು ಮೂರೂ ಹೊಂದಬೇಕಿತ್ತು. ಎಂಟಾಣೆ ಕಡಿಮೆಯಾದರೂ ಕೈಯಿಂದ ಹಾಕಬೇಕಿತ್ತು. ದಂಡದ ಪುಸ್ತಕಗಳಿಗೂ ಅದೇ ಕ್ರಮ ಇಟ್ಟು, ಯಾವ ಜಾಗದಲ್ಲಿ ಎಷ್ಟು ಎಚ್ಚರಿಕೆ, ಎಷ್ಟು ರಸೀದಿ ಎಂಬುದನ್ನು ಪ್ರತಿ ತಿಂಗಳ ಸಾಮಾನ್ಯ ಸಭೆಯ ಮುಂದೆ ಓದಿಸಿರಿ. ಒಂದು ಜಾಗದಿಂದ ಆರು ತಿಂಗಳಾದರೂ ಎರಡೂ ಸೊನ್ನೆ ಎಂದು ಬಂದರೆ, ಅಲ್ಲಿ ಯಾರೂ ಸೇದುತ್ತಿಲ್ಲವೋ ಅಥವಾ ಯಾರೂ ನೋಡುತ್ತಿಲ್ಲವೋ ಎಂಬುದನ್ನು ಆ ವಾರ್ಡಿನ ಸದಸ್ಯರು ಹೋಗಿ ನೋಡಿ ಬರಲಿ.

ಗೂಡಂಗಡಿಯವರು ಈ ಪ್ರಸ್ತಾವದಿಂದ ಹೆದರಿದ್ದಾರೆ. ಅವರನ್ನು ಕರೆದು ಮಾತಾಡಿಸಬೇಕು, ಏಕೆಂದರೆ ಸಿಗರೇಟನ್ನು ಬಿಡಿಬಿಡಿಯಾಗಿ ಮಾರುವಂತಿಲ್ಲ, ಶಾಲೆ ಕಾಲೇಜಿನಿಂದ 100 ಮೀಟರ್ ಒಳಗೆ ಮಾರುವಂತಿಲ್ಲ ಎಂದು ರಾಜ್ಯದ ತಿದ್ದುಪಡಿಯೇ ಹೇಳಿರುವುದು ಅವರಲ್ಲಿ ಎಷ್ಟೋ ಜನರಿಗೆ ತಿಳಿದಿಲ್ಲ. ಅಂಗಡಿಯ ಕಂಬಕ್ಕೆ ದಾರದಲ್ಲಿ ಜೋತುಬಿಟ್ಟ ಲೈಟರ್ ಮಕ್ಕಳ ಮುಖದ ಎತ್ತರದಲ್ಲಿ ತೂಗುತ್ತಿರುತ್ತದೆ, ಅದರ ಪಕ್ಕದಲ್ಲೇ ಚಾಕಲೇಟಿನ ಭರಣಿ ಇರುತ್ತದೆ. ತಂಬಾಕು ಮಾರುವವರಿಗೆ ಸ್ಥಳೀಯ ಸಂಸ್ಥೆಗಳೇ ಪ್ರತ್ಯೇಕ ಅನುಮತಿ ಕೊಡಲಿ, ಅಂತಹ ಅಂಗಡಿಯಲ್ಲಿ ಮಕ್ಕಳು ಕೊಳ್ಳುವ ತಿಂಡಿ ಇರದಿರಲಿ ಎಂದು ಕೇಂದ್ರ ಆರೋಗ್ಯ ಸಚಿವಾಲಯ 2017ರಲ್ಲಿಯೇ ರಾಜ್ಯಗಳಿಗೆ ಬರೆದಿತ್ತು. ಉದ್ದಿಮೆ ಪರವಾನಗಿ ನವೀಕರಿಸುವ ಅಧಿಕಾರ ತಮ್ಮ ಕೈಯಲ್ಲೇ ಇರುವುದರಿಂದ, ಆ ಸಮಯದಲ್ಲಿ ಒಂದು ಹಾಳೆಯಲ್ಲಿ ಈ ಷರತ್ತುಗಳನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ, ಕೊಂಕಣಿಯಲ್ಲಿ ಓದಿ ಹೇಳಿ ಕೊಡಬಹುದು.

ಕವಳದ, ಅಂದರೆ ತಂಬಾಕು ಸೇರಿಸಿ ಹಾಕುವ ಎಲೆ ಅಡಿಕೆಯ ಬಗ್ಗೆ ಹೇಳದಿದ್ದರೆ ನಮ್ಮ ಜಿಲ್ಲೆಯಲ್ಲಿ ತಂಬಾಕಿನ ಮಾತು ಪೂರ್ತಿಯಾಗುವುದಿಲ್ಲ. 2016–17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಸೇದುವವರು ನೂರಕ್ಕೆ 8.8, ಹೊಗೆಯಿಲ್ಲದ ತಂಬಾಕು ಬಳಸುವವರು 16.3. ಬಂದವರಿಗೆ ಕವಳದ ತಟ್ಟೆ ಮುಂದಿಡುವುದು ನಮ್ಮಲ್ಲಿ ಮರ್ಯಾದೆ, ಅದು ಮನೆಯೊಳಗಿನ ವಿಷಯ. ನಿಲ್ದಾಣದ ಗೋಡೆ, ಕಚೇರಿಯ ಮೆಟ್ಟಿಲಿನ ಮೂಲೆಗೆ ಉಗುಳುವುದನ್ನೂ ಇದೇ ಠರಾವಿನಲ್ಲಿ ಸೇರಿಸಿದರೆ ಸಾಕು, ಅದಕ್ಕೆ ಬೇರೆ ಚರ್ಚೆ ಬೇಕಿಲ್ಲ.

ಬಿಡಬೇಕೆಂದು ಮನಸ್ಸಿದ್ದೂ ಬಿಡಲಾಗದವರ ಕಷ್ಟ ನನಗೆ ಗೊತ್ತು. ನಾಲ್ಕು ವರ್ಷದಲ್ಲಿ ನಾನು ಆರು ಸಲ ಬಿಟ್ಟು ಆರು ಸಲವೂ ಮತ್ತೆ ಹಿಡಿದೆ, ಪ್ರತಿ ಸಲವೂ ಹೆಂಡತಿಯಿಂದ ಮುಚ್ಚಿಟ್ಟೆ. ಆಗ ಕೇಳುವವರು ಯಾರೂ ಇರಲಿಲ್ಲ. ಈಗ 1800-11-2356 ಎಂಬ ಉಚಿತ ರಾಷ್ಟ್ರೀಯ ಸಹಾಯವಾಣಿ ಇದೆ. ತಾವು ಹಾಕಿಸುವ ಪ್ರತಿ ಫಲಕದಲ್ಲಿ ‘ಇಲ್ಲಿ ಸೇದುವುದು ಅಪರಾಧ’ ಎಂಬುದರ ಕೆಳಗೆ, ಹೊಣೆ ಹೊತ್ತವರ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ಈ ಸಂಖ್ಯೆಯನ್ನೂ ಬರೆಸಬೇಕೆಂದು ಕೇಳಿಕೊಳ್ಳುತ್ತೇನೆ.

ಕೊನೆಯದಾಗಿ ಸಭೆಯ ಸಮಯದ ಬಗ್ಗೆ ಒಂದು ಕೋರಿಕೆ. ಸಾರ್ವಜನಿಕರ ಅಭಿಪ್ರಾಯ ಕೇಳುವ ಸಭೆಯನ್ನು ಬೆಳಿಗ್ಗೆ ಹನ್ನೊಂದಕ್ಕೆ ಕರೆದರೆ ಹೋಟೆಲಿನವರು, ಅಂಗಡಿಯವರು, ನನ್ನಂತಹ ಪಿಂಚಣಿದಾರರು ಬರುತ್ತಾರೆ. ಮೀನು ಮಾರುವವರು ಬರಲಾರರು, ಆ ಹೊತ್ತಿನಲ್ಲಿ ಅವರ ಬುಟ್ಟಿ ಅರ್ಧವೂ ಖಾಲಿಯಾಗಿರುವುದಿಲ್ಲ. ಮಧ್ಯಾಹ್ನ ಮೂರರ ನಂತರ, ಮಾರುಕಟ್ಟೆಯ ಆವರಣದಲ್ಲೇ ಆ ಸಭೆಯನ್ನು ಇಟ್ಟುಕೊಂಡರೆ ಅವರು ಬರುತ್ತಾರೆ. ನಾನು ಕೆಲವರನ್ನು ಕೇಳಿ ನೋಡಿದ್ದೇನೆ, ಮಾತಾಡುತ್ತೇವೆ ಎಂದಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಬಸ್ ಕಂಡಕ್ಟರ್,
ಕೋಡಿಬಾಗ, ಕಾರವಾರ